ಪೋಲೆಂಡಿನ ಬಯಲು, ನಿಶಿ ಕಸಾಯಿಯ ಕುರ್ಚಿ

ಅವಳು ವಾಪಸು ಬರುತ್ತಿದ್ದಾಳೆಂದು ನನಗೆ ಗೊತ್ತಾದದ್ದು ನನ್ನದೇ ಅಂಗಡಿಯ ತೆಂಗಿನಕಾಯಿಯಿಂದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಒಂದು ಶನಿವಾರ ಬೆಳಿಗ್ಗೆ ನಮ್ಮ ಕನ್ನಡ ಸಂಘದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದು ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ ಕೊಂಡರು. ಟೋಕಿಯೋದ ಈ ನಿಶಿ ಕಸಾಯಿಯಲ್ಲಿ ವೀಳ್ಯದೆಲೆ ಎಂದರೆ ಚಿನ್ನವಿದ್ದ ಹಾಗೆ. ವಿಮಾನದಲ್ಲಿ ಬರಬೇಕು, ಬಂದರೂ ಅರ್ಧ ಕೊಳೆತಿರುತ್ತದೆ. ಅಂಥದ್ದನ್ನು ಬೆಲೆ ಕೇಳದೆ ಎತ್ತಿಕೊಳ್ಳುತ್ತಿದ್ದಾರೆಂದರೆ ಯಾರೋ ದೊಡ್ಡವರು ಬರುತ್ತಿದ್ದಾರೆಂದೇ ಅರ್ಥ. ಏನು ವಿಶೇಷ ಎಂದು ಕೇಳಿದೆ.

"ಅಯ್ಯೋ, ನಿಮಗ್ ಗೊತ್ತಿಲ್ವಾ ಅಕ್ಕ? ಕಾವಾಸಾಕಿಯವರು ವಾಪಸ್ ಬರ್ತಿದಾರೆ. ನಾಳೆ ಎಲ್ಲ ಸೇರಿ ಆರತಿ ಮಾಡಿ ವೆಲ್ಕಮ್ ಮಾಡೋಣ ಅಂತ. ನೀವೂ ಬನ್ನಿ."

ಆರತಿಯ ಸಾಮಾನನ್ನು ನನ್ನ ಕೈಯಲ್ಲೇ ಕಟ್ಟಿಸಿಕೊಂಡು ಹೋದರು. ನಾನು ಒಂದು ಯೆನ್ ಕೂಡ ಬಿಡಲಿಲ್ಲ.

ಅವಳನ್ನು ಇಲ್ಲಿ ಕಾವಾಸಾಕಿಯವಳು ಎಂದೇ ಬರೆಯುತ್ತೇನೆ. ಗಂಡ ಆ ಊರಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ದೊಡ್ಡ ಇಂಜಿನಿಯರು. ಇವಳು ಮನೆಯಲ್ಲಿರುವವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಹಾಡುತ್ತಾಳೆ. ಜಪಾನೀ ಭಾಷೆಯನ್ನು ಟೀವಿಯಲ್ಲಿ ಹವಾಮಾನ ಹೇಳುವವರ ಹಾಗೆ ನಯವಾಗಿ ಮಾತಾಡುತ್ತಾಳೆ. ನಾನು ಇಲ್ಲಿ ಕಲಿತದ್ದು ಹೋಲ್‌ಸೇಲ್ ಮಾರುಕಟ್ಟೆಯ ಜಪಾನೀ. ಅದರಲ್ಲಿ ಚೌಕಾಸಿ ಮಾಡಬಹುದು, ಬೈಯಬಹುದು, ನಯ ಮಾಡಲು ಬರುವುದಿಲ್ಲ. ಅವಳು ಒಂದು ಕೋಣೆಗೆ ಬಂದರೆ ಜನ ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ನಾನು ಬಂದರೆ, ಕೊತ್ತಂಬರಿ ಸೊಪ್ಪು ಬಂದಿದೆಯಾ ಎಂದು ಕೇಳುತ್ತಾರೆ.

ಆ ದೊಡ್ಡ ಭೂಕಂಪವಾದ ವಾರವೇ ಅವಳು ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಹೋಗಿಬಿಟ್ಟಿದ್ದಳು. ತಪ್ಪೆಂದು ಹೇಳುತ್ತಿಲ್ಲ. ನಮ್ಮವರಲ್ಲಿ ಅರ್ಧ ಜನ ಹೋದರು. ಅಣುಸ್ಥಾವರದ ಸುದ್ದಿ ಕೇಳಿ ವಿಮಾನ ನಿಲ್ದಾಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾನು ಉಳಿದೆ. ಅದನ್ನು ಧೈರ್ಯ ಎಂದವರಿದ್ದಾರೆ. ಧೈರ್ಯವಲ್ಲ, ಸರಕು. ದೋಸೆ ಹಿಟ್ಟು ರುಬ್ಬಿ ಡಬ್ಬಿಯಲ್ಲಿ ಮಾರಿ, ಆಮೇಲೆ ಬಾಡಿಗೆಗೆ ಒಂದು ಮೂಲೆ ಹಿಡಿದು, ಹೀಗೆ ವರ್ಷಗಟ್ಟಲೆ ದುಡಿದದ್ದೆಲ್ಲ ಆ ಶೆಲ್ಫುಗಳ ಮೇಲಿತ್ತು. ಗಾಜಿನ ಬಾಟಲಿಗಳು ಒಡೆದು ಉಪ್ಪಿನಕಾಯಿಯ ಎಣ್ಣೆಯಲ್ಲಿ ಸಾಸಿವೆ ತೇಲುತ್ತಿತ್ತು. ಅದನ್ನು ಬಿಟ್ಟು ಎಲ್ಲಿಗೆ ಹೋಗಲಿ? ಕೊಂಬಿನಿ ಎನ್ನುವ ಬೀದಿಮೂಲೆಯ ಅಂಗಡಿಗಳಲ್ಲಿ ನೀರಿಲ್ಲ, ಬ್ರೆಡ್ಡಿಲ್ಲ. ನನ್ನ ಹತ್ತಿರ ಅಕ್ಕಿ ಇತ್ತು. ಮನೆಗೊಂದು ಚೀಲ ಎಂದು ಕಟ್ಟು ಮಾಡಿ, ಹಳೇ ಬೆಲೆಗೇ ಕೊಟ್ಟೆ. ವ್ಯಾಪಾರಕ್ಕಿಳಿಯುವವರಿಗೆ ಹೇಳುತ್ತೇನೆ: ಆಪತ್ತಿನಲ್ಲಿ ಬೆಲೆ ಏರಿಸಬೇಡಿ. ಏರಿಸಿದ್ದನ್ನು ಜನ ಸಾಯುವವರೆಗೂ ಮರೆಯುವುದಿಲ್ಲ. ಏರಿಸದೇ ಇದ್ದದ್ದನ್ನು ಮಾತ್ರ ಮುಂದಿನ ಹಬ್ಬದ ಹೊತ್ತಿಗೆ ಮರೆತಿರುತ್ತಾರೆ, ಅದಕ್ಕೂ ಸಿದ್ಧರಾಗಿರಿ.

ಹೋದವಳಿಗೆ ಆರತಿ, ಉಳಿದವಳಿಗೆ ಕೊತ್ತಂಬರಿ ಸೊಪ್ಪಿನ ವಿಚಾರಣೆ. ನನ್ನ ಹೊಟ್ಟೆ ಉರಿದದ್ದು ಹೀಗೆ.

ಉರಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಸಂಘದ ಅಧ್ಯಕ್ಷರಿಗೆ ಅದೇ ತಿಂಗಳು ಸಿಂಗಪುರಕ್ಕೆ ವರ್ಗವಾಗಿ ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿ ನನಗೆ ಬೇಕಿತ್ತು, ಅವಳು ಬಂದರೆ ಅವಳ ಕಡೆಯವರು ಅವಳ ಹೆಸರೆತ್ತುತ್ತಾರೆಂದೂ ಗೊತ್ತಿತ್ತು. ರಾಜ್ಯೋತ್ಸವಕ್ಕೆ ಹಾಲ್ ಹಿಡಿಯುವುದು, ವಾರ್ಡ್ ಆಫೀಸಿಗೆ ಅಲೆಯುವುದು, ನೂರಾರು ಜನರಿಗೆ ಬಿಸಿಬೇಳೆಬಾತ್ ಬೇಯಿಸುವುದು, ಎಲ್ಲ ನಾನೇ. ವೇದಿಕೆಯ ಮೇಲೆ ದೀಪ ಹಚ್ಚುವ ಕೈ ಮಾತ್ರ ಪ್ರತಿ ವರ್ಷ ಬೇರೆಯವರದು. ಒಮ್ಮೆ ನನ್ನ ಮಗಳ ಎದುರಿಗೆ ಆ ದೀಪ ನಾನು ಹಚ್ಚಬೇಕೆಂದು ಆಸೆಯಿತ್ತು.

ನಮ್ಮ ಸಂಘದ ಕ್ರಮ ಸ್ವಲ್ಪ ವಿಚಿತ್ರ. ಹಿಂದೆ ಎರಡು ಗುಂಪಿದ್ದವು: ತೋಜಾಯ್ ರೈಲು ಲೈನಿನ ನಿಶಿ ಕಸಾಯಿಯವರು, ಮತ್ತು ಕಾವಾಸಾಕಿ, ಯೊಕೊಹಾಮಾ ಕಡೆಯವರು. ಎರಡನ್ನೂ ಸೇರಿಸುವಾಗ ಆ ಕಡೆಯವರು ಒಂದು ಮಾತು ಇಟ್ಟರು. ವೋಟು ಬೇಡ, ವೋಟಾದರೆ ತಲೆ ಹೆಚ್ಚಿರುವ ನೀವೇ ಯಾವಾಗಲೂ ಗೆಲ್ಲುತ್ತೀರಿ. ಅಧ್ಯಕ್ಷರನ್ನು ಎಲ್ಲರೂ ಒಪ್ಪಬೇಕು. ಒಬ್ಬರು ಎದ್ದು 'ನನಗೆ ಒಪ್ಪಿಗೆಯಿಲ್ಲ' ಎಂದರೂ ಸಭೆ ಅಲ್ಲಿಗೇ ಮುಗಿಯಬೇಕು, ಮುಂದಿನ ತಿಂಗಳು ಮತ್ತೆ ಸೇರಬೇಕು. ಗಂಡಸರು ಇದಕ್ಕೆ ತಮ್ಮ ಜಪಾನೀ ಆಫೀಸಿನ ಪದ್ಧತಿಯನ್ನೂ ಅಂಟಿಸಿದರು. ಅದಕ್ಕೆ ನೆಮವಾಶಿ ಎನ್ನುತ್ತಾರೆ. ಮರವನ್ನು ಬೇರೆಡೆ ನೆಡುವ ಮೊದಲು ಸುತ್ತ ಅಗೆದು ಬೇರು ಸಡಿಲಿಸುತ್ತಾರಲ್ಲ, ಹಾಗೆ ಸಭೆಗೆ ಮೊದಲೇ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಒಪ್ಪಿಸಿರಬೇಕು. ಸಭೆಯಲ್ಲಿ ತಲೆಯಾಡಿಸಿ ಚಕ್ಕುಲಿ ತಿನ್ನುವುದಷ್ಟೇ ಉಳಿದಿರಬೇಕು.

ಈ ಕ್ರಮವನ್ನು ಕೇಳಿ ಬಿದ್ದು ಬಿದ್ದು ನಕ್ಕವನು ಒಬ್ಬನೇ, ಧಾರವಾಡದ ಕಡೆಯ ಒಬ್ಬ ಸಂಶೋಧಕ. ಟೋಕಿಯೋದ ವಿಶ್ವವಿದ್ಯಾಲಯವೊಂದರಲ್ಲಿ ಡಾಕ್ಟರೇಟ್ ಮಾಡುತ್ತಿದ್ದ. ವಾರಕ್ಕೊಮ್ಮೆ ಜೋಳದ ಹಿಟ್ಟಿಗೆ ಬರುತ್ತಿದ್ದ. ರೋಬೋಟಾ, ಕಂಪ್ಯೂಟರಾ ಎಂದು ಕೇಳಿದ್ದಕ್ಕೆ, ಪೋಲೆಂಡ್ ಲಿಥುವೇನಿಯಾದ ರಾಜರ ಚುನಾವಣೆ ಎಂದ. ಧಾರವಾಡದವನು ಪೋಲೆಂಡಿನ ರಾಜರನ್ನು ಹುಡುಕಿಕೊಂಡು ಟೋಕಿಯೋಕ್ಕೆ ಬಂದನೇ ಎಂದು ನನಗೆ ನಗು ಬಂತು. ಅವನ ಗುರು, ಒಬ್ಬ ವಯಸ್ಸಾದ ಸೆನ್ಸೇಯಿ, ಆ ಕಾಲದ ಭಾಷೆಗಳನ್ನೆಲ್ಲ ಓದುತ್ತಾರಂತೆ. ನಾಲ್ಕು ನೂರು ವರ್ಷದ ಹಿಂದೆ ಯಾವ ಬಯಲಲ್ಲಿ ಯಾರ ಪಕ್ಕ ಯಾರು ನಿಂತಿದ್ದರೆಂದು ನಿನ್ನೆ ಕಂಡವರ ಹಾಗೆ ಹೇಳುತ್ತಾರಂತೆ. ರಾಜ ಹುಟ್ಟುತ್ತಾನೆ, ಅವನಿಗೆಂಥ ಚುನಾವಣೆ ಎಂದೆ. ಅವನು ಕೌಂಟರಿಗೆ ಒರಗಿ ಹೇಳತೊಡಗಿದ. ನಾನು ಅಲ್ಲಿಯೇ ಒಪ್ಪಂದ ಮಾಡಿಕೊಂಡೆ: ಹೊಸ ಹಿಟ್ಟು ಬಂದಾಗ ಅವನಿಗೆ ಒಂದು ಚೀಲ ತೆಗೆದಿಡುವುದು, ಅವನು ವಾರಕ್ಕೊಂದು ಕಥೆ ಹೇಳುವುದು.

ಅವನು ಹೇಳಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಹಳೆಯ ರಾಜವಂಶ ಗಂಡು ಸಂತಾನವಿಲ್ಲದೆ ಮುಗಿದಾಗ ಆ ದೇಶದ ಕುಲೀನರು, ಇನ್ನು ಮುಂದೆ ರಾಜನನ್ನು ನಾವೇ ಆರಿಸುತ್ತೇವೆ ಎಂದರಂತೆ. ವಾರ್ಸಾ ಊರಿನ ಹೊರಗೆ ಒಂದು ಬಯಲು. ನಡುವೆ ದೊಡ್ಡವರಿಗೆ ಮರದ ಚಪ್ಪರ, ಸುತ್ತ ಕಂದಕ. ಹೊರಗೆ ಸಾವಿರಾರು ಜನ ಕುದುರೆಗಳ ಮೇಲೆ, ಪ್ರಾಂತ್ಯಕ್ಕೊಂದು ಬಾವುಟದ ಕೆಳಗೆ. ಅವರಲ್ಲಿ ಊರುಗಟ್ಟಲೆ ಜಮೀನಿದ್ದವರೂ ಇದ್ದರು, ಕುಲೀನನೆಂಬ ಹೆಸರು ಬಿಟ್ಟರೆ ತಾನೇ ನೇಗಿಲು ಹಿಡಿಯುವವನೂ ಇದ್ದ. ಕತ್ತಿ ಕಟ್ಟಿಕೊಂಡು ಬಂದ ಮೇಲೆ ಇಬ್ಬರೂ ಸಮ. ಇದು ನನಗೆ ಬಹಳ ಹಿಡಿಸಿತು. ದೋಸೆ ಹಿಟ್ಟಿನವಳೂ ದೊಡ್ಡ ಇಂಜಿನಿಯರನ ಹೆಂಡತಿಯೂ ಒಂದೇ ಬಯಲಲ್ಲಿ ನಿಂತ ಹಾಗೆ.

"ಸಮ ಅಂದ್ರ ಸಮ ಇರ್ತಿತ್ತೇನ್ರಿ? ಬಡವನ ಕುದುರಿಗೆ ಹುಲ್ಲು ಯಾರು ಹಾಕ್ತಿದ್ರು, ಅಂವಗ ಊಟಾ ಯಾರು ಹಾಕ್ತಿದ್ರು, ಅದನ್ನ ನೋಡ್ರಿ ಅಕ್ಕಾರ. ದನಿ ಅವರದ ಇರ್ತಿತ್ತು," ಎಂದ.

ಲಿಥುವೇನಿಯಾ ಆ ದೇಶದ ಜೊತೆ ಕೂಡಿಕೊಂಡಿತ್ತು. ರಾಜ ಒಬ್ಬನೇ, ಸಭೆ ಒಂದೇ. ಖಜಾನೆ ಬೇರೆ, ಸೈನ್ಯ ಬೇರೆ, ಕಾನೂನು ಬೇರೆ, ಮುನಿಸೂ ಬೇರೆ. ನಮ್ಮನ್ನು ಕಾಯದೆ ಆರಿಸಿಬಿಟ್ಟಿರಿ ಎಂದು ಲಿಥುವೇನಿಯಾದವರು ಒಂದೊಂದು ಸಲ ತಕರಾರು ತೆಗೆಯುತ್ತಿದ್ದರಂತೆ. ಥೇಟ್ ನಮ್ಮ ಯೊಕೊಹಾಮಾದವರು ಎಂದೆ. ಅವನು ನಕ್ಕ.

ನನಗೆ ಬೇಕಾದ ಪ್ರಶ್ನೆಯನ್ನು ಒಂದು ದಿನ ಕೇಳಿದೆ. ಅಷ್ಟೊಂದು ಜನ ಕುಲೀನರಿದ್ದೂ ಹೊರಗಿನ ರಾಜಕುಮಾರರನ್ನು ಯಾಕೆ ತಂದರು? ಫ್ರಾನ್ಸಿನವನು, ಸ್ವೀಡನ್ನಿನವನು, ಜರ್ಮನ್ ಸೀಮೆಯವನು. ತಮ್ಮವರೇ ಸಿಗಲಿಲ್ಲವೇ? ಸಿಕ್ಕಿದ್ದರು, ಕೆಲವೊಮ್ಮೆ ತಮ್ಮವರನ್ನೂ ಕೂರಿಸಿದರು, ಆದರೆ ಕಷ್ಟಪಟ್ಟು, ಎಂದ. ನಿನ್ನೆಯವರೆಗೆ ತನ್ನ ಪಕ್ಕ ಕೂತು ಉಂಡವನ ಮುಂದೆ ಇವತ್ತು ಮಂಡಿಯೂರುವುದು ಯಾರಿಗೂ ಆಗುತ್ತಿರಲಿಲ್ಲವಂತೆ. ದೂರದವನ ಮೇಲೆ ಯಾರಿಗೂ ಹೊಟ್ಟೆಕಿಚ್ಚಿರುವುದಿಲ್ಲ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಕತ್ತಿ ಕಟ್ಟಿದ ಗಂಡಸರೇ ಹಾಗಿದ್ದ ಮೇಲೆ ನನ್ನದೇನು ವಿಶೇಷ.

ಹಾಗೆಂದು ತಂದ ರಾಜನನ್ನು ಸುಮ್ಮನೆ ಕೂರಿಸುತ್ತಿರಲಿಲ್ಲ. ಕಿರೀಟಕ್ಕೆ ಮೊದಲು ಷರತ್ತು. ಸಭೆ ಕೇಳದೆ ಯುದ್ಧ ಮಾಡಬಾರದು, ಕೇಳದೆ ಮದುವೆಯಾಗಬಾರದು, ಮಗನಿಗೆ ಪಟ್ಟ ಕಟ್ಟುವ ಮಾತೆತ್ತಬಾರದು. ಪ್ರಮಾಣ ಮಾಡಿದರೆ ರಾಜ. ಮಾತು ಮುರಿದರೆ ವಿಧೇಯರಾಗಿರುವ ಹಂಗು ನಮಗಿಲ್ಲ. ಇದನ್ನು ಕೇಳಿದಾಗ ನನ್ನ ಕೈಯಲ್ಲಿದ್ದ ಹಿಟ್ಟಿನ ಸ್ಕೂಪ್ ಅಲ್ಲಿಯೇ ನಿಂತಿತು. ಕುರ್ಚಿ ಸಿಗದಿದ್ದರೆ ಕುರ್ಚಿಯ ಕಾಲು ಹಿಡಿಯಬಹುದು. ಯಾವ ಬುದ್ಧಿವಂತ ವ್ಯಾಪಾರಿಯೂ ಬೆಲೆಯ ಮೇಲೆ ಮಾತ್ರ ಜಗ್ಗಾಡುವುದಿಲ್ಲ. ಬೆಲೆ ಅವರದಾಗಲಿ, ಷರತ್ತು ನಮ್ಮದಾಗಲಿ ಎನ್ನುತ್ತಾನೆ.

ಮೊದಲು ನೆಮವಾಶಿ ಮಾಡಿದೆ. ಕೋಡುಬಳೆ ಕಟ್ಟಿಕೊಂಡು ಮನೆಮನೆಗೆ ಹೋದೆ. ನಮ್ಮ ಕಡೆಯವರು, ನೀವಲ್ಲದೆ ಇನ್ಯಾರು ಎಂದರು. ಕಾವಾಸಾಕಿ ಲೈನಿನಲ್ಲಿ ಇಳಿದು ಇಳಿದು ಹತ್ತಿದೆ. ಅಲ್ಲಿಯೂ ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಕಡೆಗೆ, ನನ್ನ ಅಂಗಡಿಯ ಮೊದಲ ಗಿರಾಕಿಗಳಲ್ಲಿ ಒಬ್ಬಳಾದ, ಈಗ ಆ ಕಡೆ ಮನೆ ಮಾಡಿರುವ ಗೆಳತಿ ಚಹಾ ಕೊಟ್ಟು ಮೆಲ್ಲಗೆ ಹೇಳಿದಳು.

"ಬೇಜಾರ್ ಮಾಡ್ಕೋಬೇಡಿ. ನೀವ್ ಇದ್ರೆ ಕೆಲ್ಸ ಆಗತ್ತೆ. ಅವಳಿದ್ರೆ ನಮಗೆ ಖುಷಿಯಾಗತ್ತೆ."

ವಾಪಸು ಬರುವಾಗ ರೈಲಿನಲ್ಲಿ ಕೂತು ಆ ಮಾತನ್ನು ಅಗಿದೆ, ನುಂಗಲಾಗಲಿಲ್ಲ. ಯಾರಾದರೂ ನನ್ನ ಲೆಕ್ಕದಲ್ಲಿ ತಪ್ಪು ತೋರಿಸಿದ್ದರೆ ಜಗಳವಾಡುತ್ತಿದ್ದೆ. ಖುಷಿಯಾಗುತ್ತದೆ ಎನ್ನುವುದಕ್ಕೆ ಏನೆಂದು ಜಗಳವಾಡಲಿ? ಅಂಥ ಸರಕನ್ನು ಯಾವ ಹೋಲ್‌ಸೇಲಿನವನೂ ಮಾರುವುದಿಲ್ಲ.

ಹೊರಗಿನ ರಾಜನ ದಾರಿಯನ್ನೂ ನೋಡಿದೆ. ಆ ಸಂಶೋಧಕನೇ ಯಾಕಾಗಬಾರದು? ಯಾವ ಕಡೆಯವನೂ ಅಲ್ಲ, ನನ್ನ ಜೋಳದ ಹಿಟ್ಟಿನ ಋಣದವನು, ಹೇಳಿದ ಹಾಗೆ ಕೇಳುತ್ತಾನೆ. ಕೇಳಿದಾಗ ಅವನು ಕೈ ಮುಗಿದುಬಿಟ್ಟ.

"ನನ್ನ ಬಿಡ್ರಿ. ಸ್ವೀಡನ್ನಿಂದ ರಾಜನ್ನ ತಂದ್ರು, ಅಂವಾ ತನ್ನ ಮನೀ ಜಗಳಾನೂ ಗಂಟು ಕಟ್ಕೊಂಡು ಬಂದ. ಇವರಿಗೆ ಸ್ವೀಡನ್ನಿನ ಯುದ್ಧ ಉಚಿತ ಸಿಕ್ತು. ಹೊರಗಿನಾಂವ ಅಗ್ಗಾ ಅಂತ ತಿಳೀಬ್ಯಾಡ್ರಿ."

ಅದೇ ಮಾತಿನ ನಡುವೆ ಅವನ ಬಾಯಿಂದ ಇನ್ನೊಂದು ಸಂಗತಿ ಜಾರಿತು. ಈ ಸ್ವೀಡನ್ನಿನ ಕಥೆಯನ್ನು ಕಳೆದ ಭಾನುವಾರ ಕಾವಾಸಾಕಿಯಲ್ಲೂ ಹೇಳಿದನಂತೆ. ಅವಳು ಹೋಳಿಗೆ ಮಾಡಿ ಕರೆದಿದ್ದಳು. ಷರತ್ತಿನ ಕಥೆಯನ್ನೂ ಹೇಳಿದೆಯಾ ಎಂದೆ. ಅದನ್ನೂ ಹೇಳಿದ್ದ. ಅವಳು ಮೂರು ಪ್ರಶ್ನೆ ಕೇಳಿದಳಂತೆ, ಮೂರೂ ಅವನ ಸೆನ್ಸೇಯಿ ಕೇಳುವಂಥವಂತೆ. ನಾನು ಕೇಳಿದವು ಯಾರು ಕೇಳುವಂಥವು ಎಂದು ನಾನು ವಿಚಾರಿಸಲಿಲ್ಲ. ಆ ದಿನ ಅವನಿಗೆ ಹಳೇ ಹಿಟ್ಟನ್ನೇ ಕೊಟ್ಟೆ.

ಸಭೆಯ ಹಿಂದಿನ ವಾರವಿಡೀ ನಾನು ಒಂದೇ ಒಂದು ಷರತ್ತನ್ನು ಕಾಯಿಸಿ ಬಡಿದು ಹದಮಾಡಿದೆ. ಹತ್ತು ಷರತ್ತು ಹಾಕುವವನು ಚೌಕಾಸಿ ಬಾರದವನು. ಎದುರಿನವರು ಅದರಲ್ಲಿ ಏಳನ್ನು ಬಿಡಿಸಿ ಹೋಗುತ್ತಾರೆ. ಒಂದೇ ಇರಬೇಕು, ಅದು ಎಲ್ಲರಿಗೂ ನ್ಯಾಯವಾಗಿ ಕಾಣಬೇಕು, ಒಬ್ಬರಿಗೆ ಮಾತ್ರ ಚುಚ್ಚಬೇಕು. ನನ್ನ ಷರತ್ತು ಇದು: ಮತ್ತೆ ಭೂಮಿ ನಡುಗಿದರೆ ಸಂಘದ ಪ್ರತಿಯೊಂದು ಮನೆಯವರ ದನಿಯನ್ನೂ ತಮ್ಮ ಕಿವಿಯಿಂದ ಕೇಳುವವರೆಗೆ ಅಧ್ಯಕ್ಷರು ಊರು ಬಿಡಬಾರದು, ಬಿಡುವುದಾದರೆ ಕೊನೆಯವರಾಗಿ ಬಿಡಬೇಕು. ಹೋದ ಸಲ ಮೆಸೇಜುಗಳು ತಡವಾಗಿ ಬಂದು, ಯಾರು ಎಲ್ಲಿದ್ದಾರೆಂದು ತಿಳಿಯದೆ ಎಲ್ಲರೂ ಒದ್ದಾಡಿದ್ದರು. ಯಾರೂ ಬೇಡವೆನ್ನುವಂತಿರಲಿಲ್ಲ. ಅವಳು ಒಪ್ಪಿದರೆ ಕಟ್ಟಿಬಿದ್ದಳು, ಒಪ್ಪದಿದ್ದರೆ ಕುರ್ಚಿ ನನ್ನದು. ಎರಡೂ ಉತ್ತರದಲ್ಲಿ ಲಾಭವಿದ್ದರೆ ಮಾತ್ರ ಪ್ರಶ್ನೆ ಕೇಳಬೇಕು.

ಸಭೆ ಸ್ಟೇಷನ್ನಿನ ಹತ್ತಿರದ ಕಮ್ಯುನಿಟಿ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಮಡಚುವ ಕುರ್ಚಿಗಳು, ಮಕ್ಕಳು ಜಪಾನೀಯಲ್ಲಿ ಕಿರುಚಿಕೊಂಡು ಓಡುತ್ತಿದ್ದವು. ಪೋಲೆಂಡಿನಲ್ಲಿ ಇಬ್ಬರು ರಾಜರ ನಡುವಿನ ಕಾಲದಲ್ಲಿ ರಾಜ್ಯವನ್ನು ಆರ್ಚ್‌ಬಿಷಪ್ಪನೊಬ್ಬ ನೋಡಿಕೊಳ್ಳುತ್ತಿದ್ದನಂತೆ. ನಮ್ಮಲ್ಲಿ ಆ ಕೆಲಸ ಒಬ್ಬ ಹಿರಿಯರದು. ನಾವೆಲ್ಲ ಬರುವ ಮೊದಲೇ ಜಪಾನಿಗೆ ಬಂದು, ಇಲ್ಲೇ ನಿವೃತ್ತರಾದವರು. ಅವರು ಎರಡೂ ಹೆಸರು ಓದಿದರು. ಮೊದಲು ನನ್ನದು. ಕಾವಾಸಾಕಿ ಕಡೆಯ ಸಾಲುಗಳು ಹೌದೆಂದೂ ತಲೆಯಾಡಿಸಲಿಲ್ಲ, ಇಲ್ಲವೆಂದೂ ಅಲ್ಲಾಡಿಸಲಿಲ್ಲ. ಇದ್ದಕ್ಕಿದ್ದಂತೆ ಎಲ್ಲರಿಗೂ ತಂತಮ್ಮ ಕಾಲುಚೀಲ ನೋಡಬೇಕೆನ್ನಿಸಿತ್ತು. ಹಿರಿಯರು ಸ್ವಲ್ಪ ಕಾದು, ಅವಳ ಹೆಸರು ಓದಿದರು. ಈಗ ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಪ್ಪಿಗೆಯಿಲ್ಲ ಎಂದು ನಾನೊಬ್ಬಳು ಹೇಳಿದರೆ ಸಾಕಿತ್ತು.

ಹಾಗೆ ಹೇಳಿ ಕೆಟ್ಟವರ ಕಥೆ ನನಗೆ ಗೊತ್ತಿತ್ತು. ಆ ದೇಶದ ಸಭೆಯಲ್ಲಿ ಒಬ್ಬ ಪ್ರತಿನಿಧಿ ಎದ್ದು ನಾನು ಒಪ್ಪುವುದಿಲ್ಲ ಎಂದರೆ ಅಧಿವೇಶನವೇ ಮುರಿದು, ಅಲ್ಲಿಯವರೆಗೆ ಒಪ್ಪಿದ್ದೆಲ್ಲ ನೀರುಪಾಲು. ಕಾಲ ಕಳೆದಂತೆ, ದೊಡ್ಡ ಜಮೀನುದಾರರು ಬಡ ಪ್ರತಿನಿಧಿಯನ್ನು ಹಿಡಿದು ಅವನ ಬಾಯಲ್ಲಿ ಆ ಮಾತು ಹೇಳಿಸುತ್ತಿದ್ದರಂತೆ, ಪಕ್ಕದ ದೇಶದವರೂ ಹೇಳಿಸುತ್ತಿದ್ದರಂತೆ. ಕಡೆಗೆ ಅದೇ ನೆರೆಯವರು ದೇಶವನ್ನೇ ಹಂಚಿಕೊಂಡರು. ಬೇಡ ಎನ್ನುವವನು ಮನೆಗೆ ಏನನ್ನೂ ತೆಗೆದುಕೊಂಡು ಹೋಗುವುದಿಲ್ಲ. ನಾನು ಎದ್ದು, ನನ್ನ ಒಪ್ಪಿಗೆಯಿದೆ, ಆದರೆ ಒಂದು ಷರತ್ತಿನ ಮೇಲೆ ಎಂದೆ. ಷರತ್ತು ಹೇಳಿದೆ.

ಅವಳು ಸೆರಗು ಸರಿಪಡಿಸಿಕೊಂಡು ಎದ್ದಳು.

"ಇದು ಪೋಲೆಂಡ್ ರಾಜರಿಗೆ ಹಾಕಿದ ಷರತ್ತಿನ ಥರ ಅಲ್ವಾ ಅಕ್ಕ?" ಎಂದು ನಕ್ಕಳು. ಹಿಂದಿನ ಸಾಲಿನಲ್ಲಿ ಸಂಶೋಧಕ ತಲೆ ತಗ್ಗಿಸಿದ. ಆಮೇಲೆ ಅವಳ ನಗು ಹೋಯಿತು.

"ಇದಕ್ಕೆ ನಾನ್ ಪ್ರಾಮಿಸ್ ಮಾಡೋಕಾಗಲ್ಲ. ಮತ್ತೆ ಅಂಥದ್ದು ಆದ್ರೆ ಮಗನ್ನ ಎತ್ಕೊಂಡು ಹೊರಟ್ಬಿಡ್ತೀನಿ. ಅವತ್ತೂ ಹೋದೆ. ಯಾರ್‌ಗೂ ಫೋನ್ ಕೂಡ ಮಾಡ್ಲಿಲ್ಲ. ಹೋಗಲ್ಲ ಅಂತ ಸುಳ್ಳು ಹೇಳಿ ಆ ಚೇರಲ್ಲಿ ಕೂರೋದು ನಂಗೆ ಬೇಡ. ಅಕ್ಕನೇ ಆಗ್ಲಿ. ಅವರು ಇರ್ತಾರೆ."

ಹೀಗೆ ಹೇಳಿ ಕೂತುಬಿಟ್ಟಳು. ನನ್ನ ಪಕ್ಕದವಳು ಕಣ್ಣೊರೆಸಿಕೊಂಡಳು. ಹೋಗಿದ್ದವರು ಆ ಹಾಲಿನಲ್ಲಿ ಎಷ್ಟೋ ಜನರಿದ್ದರು, ಯಾರೂ ಅದುವರೆಗೆ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಅವಳು ಅವರೆಲ್ಲರ ಪರವಾಗಿ ಹೇಳಿದ ಹಾಗಾಯಿತು. ನಾನು ಒಂದು ವಾರ ಹದಮಾಡಿದ ಷರತ್ತು ಅವಳಿಗೆ ಚುಚ್ಚುವ ಬದಲು ಆಭರಣವಾಗಿ ಕೂತಿತು. ಚೌಕಾಸಿಯಲ್ಲಿ ನನ್ನ ಕೈ ಮೀರಿದ್ದು ಇದೊಂದೇ ಗಳಿಗೆ: ಎದುರಿನವರು ಸರಕು ಬೇಡ ಎಂದು ನಿಜವಾಗಿ ಹೇಳಿದರೆ ಮುಂದೇನು ಮಾಡಬೇಕೆಂದು ಯಾರೂ ನನಗೆ ಕಲಿಸಿರಲಿಲ್ಲ.

ಹಿರಿಯರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಷರತ್ತು ಸಭೇಲಿ ಬಂದಾಗಿದೆ ಕಣಮ್ಮ. ಯಾರು ಕೂತ್ರೂ ಅದು ಅವರಿಗೇ. ನಿನಗೆ ಒಪ್ಪಿಗೆನಾ?"

ಇದನ್ನು ನಾನು ಎಣಿಸಿರಲಿಲ್ಲ. ಷರತ್ತು ಬರೆಯುವವರು ಅದನ್ನು ಇನ್ನೊಬ್ಬರ ಮೈ ಅಳತೆಗೆ ಬರೆಯುತ್ತಾರೆ. ಭೂಕಂಪದ ಆ ವಾರಗಳಲ್ಲಿ ಹೋಗುವವರನ್ನೆಲ್ಲ ಕಳಿಸಿಕೊಟ್ಟು ಖಾಲಿ ಬೀದಿಯಲ್ಲಿ ನಿಂತಾಗ ನಾನು ಒಂದು ಆಣೆ ಮಾಡಿಕೊಂಡಿದ್ದೆ: ಇನ್ನೊಮ್ಮೆ ಹೀಗಾದರೆ ನಾನೂ ಹೋಗುತ್ತೇನೆ, ಅಂಗಡಿ ಮಣ್ಣುಪಾಲಾದರೂ ಸರಿ. ಅಂದಿನಿಂದ ಅದಕ್ಕೆಂದೇ ಕೂಡಿಡುತ್ತಾ ಬಂದಿದ್ದೆ. ಹೋಗಬಲ್ಲವರ ಸಾಲಿಗೆ ಈಗಷ್ಟೇ ಬಂದಿದ್ದೆ. ನಿಜ ಹೇಳಬೇಕೆಂದರೆ ಕಾವಾಸಾಕಿಯವಳ ಹಾಡಿಗಿಂತ, ಭಾಷೆಗಿಂತ, ನನ್ನ ಹೊಟ್ಟೆ ಉರಿಸಿದ್ದು ಅವಳು ಅಷ್ಟು ಸಲೀಸಾಗಿ ಹೊರಟು ನಿಂತದ್ದು.

ಪಕ್ಕದಲ್ಲಿದ್ದ ನನ್ನ ಗಂಡ ಮಗಳ ಕಡೆ ನೋಡಿದರು. ಮಗಳು ನನ್ನ ತೋಳು ಹಿಡಿದು ಜಪಾನೀಯಲ್ಲಿ ಕೇಳಿದಳು, "ಮಾಮಾ, ನೋಕೊರು ನೋ?" ಅಮ್ಮಾ, ನೀನು ಉಳಿಯುತ್ತೀಯಾ ಎಂದು. ಕನ್ನಡದಲ್ಲಿ ನಡೆದದ್ದೆಲ್ಲ ಅವಳಿಗೆ ಅರ್ಥವಾಗಿತ್ತು, ಉತ್ತರ ಮಾತ್ರ ಯಾವಾಗಲೂ ಆ ಭಾಷೆಯಲ್ಲಿ.

ನೀನು ಅಪ್ಪನ ಜೊತೆ ಮೊದಲೇ ಹೋಗಬಹುದು ಎಂದು ಅವಳ ಕಿವಿಯಲ್ಲಿ ಹೇಳಿದೆ. ಆಮೇಲೆ ಹಿರಿಯರಿಗೆ, ಒಪ್ಪಿಗೆ ಎಂದೆ. ಚಪ್ಪಾಳೆಯಾಯಿತು. ಕುರ್ಚಿ ನನ್ನದಾಯಿತು.

ಸಭೆ ಮುಗಿದ ಮೇಲೆ ಜನ ಎದ್ದು ಅವಳನ್ನು ಸುತ್ತುವರಿದರು. ಒಬ್ಬಳು ಅವಳ ಕೈ ಹಿಡಿದುಕೊಂಡಿದ್ದಳು, ಇನ್ನೊಬ್ಬಳು ಅವಳ ಮಗನಿಗೆ ಚಕ್ಕುಲಿ ತಿನ್ನಿಸುತ್ತಿದ್ದಳು. ನನಗೆ ಅಭಿನಂದನೆ ಹೇಳಿದವರು, ಹೇಳಿ ಆ ಕಡೆ ನಡೆದರು. ಹಾಲ್ ಅನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡದಿದ್ದರೆ ಮುಂದಿನ ಸಲ ಕೊಡುವುದಿಲ್ಲವಾದ್ದರಿಂದ ಅಧ್ಯಕ್ಷಳು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸತೊಡಗಿದಳು. ಸಂಶೋಧಕ ಬಂದು ಇನ್ನೊಂದು ತುದಿಯಿಂದ ಮಡಚಿದ.

"ಅಕ್ಕಾರ, ನಾ ಓದಿದ್ರೊಳಗ ಷರತ್ತು ಬರದಾಂವ ತಾನ ಕುರ್ಚಿ ಮ್ಯಾಲೆ ಕೂತದ್ದು ಭಾಳ ಕಡಿಮಿ," ಎಂದ.

"ಅದಕ್ಕೇ ಅವರ ದೇಶ ಹೋಯ್ತು. ಆ ಕಡೆ ಹಿಡ್ಕೋ," ಎಂದೆ.

ರಾಜ್ಯೋತ್ಸವದ ದೀಪ ಹಚ್ಚಿದೆ. ಚೆನ್ನಾಗಿಯೇ ಇತ್ತು. ನಾಡಗೀತೆಯ ಮೇಳದಲ್ಲಿ ಮುಂದೆ ನಿಂತವಳು ಅವಳು, ಫೋಟೋಗಳಲ್ಲಿ ನಾನು ಮಸುಕು. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ. ಕ್ಯಾಮೆರಾ ಹಿಡಿದವನ ಕೈ ತಾನಾಗಿ ಆ ಕಡೆ ಹೋಗಿತ್ತು. ಕುರ್ಚಿ ಬೇಕೆನ್ನುವವರಿಗೆ ನನ್ನ ಸಲಹೆ: ಕುರ್ಚಿಯನ್ನು ಕೇಳುವ ಮೊದಲು ಅದರ ಜೊತೆ ಏನೇನು ಬರುವುದಿಲ್ಲ ಎಂಬುದನ್ನು ವಿಚಾರಿಸಿ. ನಾನು ವಿಚಾರಿಸಿದ್ದರೂ ಕೇಳುತ್ತಿದ್ದೆ, ಆ ಮಾತು ಬೇರೆ.

ಮುಂದಿನ ವರ್ಷ ಒಂದು ಮಧ್ಯಾಹ್ನ ನಡುಗಿತು. ಹಿಂದಿನಷ್ಟಲ್ಲ, ಆದರೆ ಶೆಲ್ಫಿನ ಡಬ್ಬಿಗಳು ಒಂದಕ್ಕೊಂದು ಬಡಿದು, ಗಿರಾಕಿಗಳು ಬೀದಿಗೆ ಓಡಿ, ರೈಲುಗಳು ನಿಂತವು. ಶಾಲೆಯಿಂದ ಮಗಳ ಸುದ್ದಿ ಬಂತು, ಗಂಡನ ದನಿ ಕೇಳಿತು. ಅಂಗಡಿಯ ಬಾಗಿಲು ಎಳೆದುಕೊಂಡು ಸ್ಟೂಲಿನ ಮೇಲೆ ಕೂತು ಅಧ್ಯಕ್ಷಳ ಕೆಲಸ ಶುರುಮಾಡಿದೆ. ಮೊದಲನೆಯ ಮನೆ, ಎಂಗೇಜ್. ಎರಡನೆಯದು, ಎಂಗೇಜ್. ಆ ಚಹಾದ ಗೆಳತಿ, ಎಂಗೇಜ್. ಲೈನೇ ಕೆಟ್ಟಿದೆಯೇನೋ ಎಂದುಕೊಳ್ಳುವಷ್ಟರಲ್ಲಿ ಕಾವಾಸಾಕಿಯವಳದೇ ಫೋನ್ ಬಂತು. ಮಗನನ್ನು ಕರೆತರಲು ಹೋಗಿ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಹಿಂದೆ ಮಕ್ಕಳ ಗಲಾಟೆ.

"ಅಕ್ಕ, ಎಲ್ಲಾರೂ ಸೇಫ್. ಒಬ್ಬೊಬ್ರಾಗಿ ಅವ್ರೇ ನಂಗೆ ಫೋನ್ ಮಾಡಿದ್ರು. ನಿಮ್ದೊಂದೇ ಬಾಕಿ ಇತ್ತು."

ಯಾರೂ ಅವಳನ್ನು ಏನೂ ಕೇಳಿರಲಿಲ್ಲ, ಅವಳು ಯಾವ ಪ್ರಮಾಣವನ್ನೂ ಮಾಡಿರಲಿಲ್ಲ. ಜನಕ್ಕೆ ಭಯವಾದಾಗ ಕೈ ಹೋದದ್ದು ಅವಳ ನಂಬರಿಗೆ.

"ಹೊರಡ್ತೀಯಾ?" ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕ. ಟ್ರೇನೇ ಇಲ್ವಲ್ಲ. ನೀವ್ ಹುಷಾರಾಗಿದೀರಾ?"

ಹುಷಾರಾಗಿದ್ದೇನೆ ಎಂದು ಫೋನಿಟ್ಟೆ. ಅವಳು ಹೇಳಿದ್ದನ್ನು ನಂಬಿ ಸುಮ್ಮನಿರಬಹುದಿತ್ತು. ಆದರೆ ಷರತ್ತಿನಲ್ಲಿ ತಮ್ಮ ಕಿವಿಯಿಂದಲೇ ಕೇಳಬೇಕೆಂದಿತ್ತು, ಆ ಮಾತು ನನ್ನದೇ. ಮತ್ತೆ ಮೊದಲನೆಯ ಮನೆಯಿಂದ ಹಿಡಿದೆ. ಈಗ ಲೈನುಗಳು ಬಿಡುವಾಗಿದ್ದವು. ಎಲ್ಲರೂ ಹೆಚ್ಚೂಕಡಿಮೆ ಒಂದೇ ಉತ್ತರ ಕೊಟ್ಟರು: ನಾವು ಚೆನ್ನಾಗಿದ್ದೇವೆ, ಆಗಲೇ ಅವರಿಗೆ ಹೇಳಿದೆವಲ್ಲ ಅಕ್ಕ.

"ಗೊತ್ತು. ಈಗ ನನಗೂ ಒಂದ್ಸಲ ಹೇಳಿ," ಎಂದು ಪ್ರತಿಯೊಂದು ಮನೆಯವರ ದನಿಯನ್ನೂ ಕೇಳಿಸಿಕೊಂಡೆ.